ಗಾರ್ಡ್ ಇದ್ದ ಬಸ್ಸು

ಚಿತ್ರದುರ್ಗದ ರೈಲ್ವೆ ಸ್ಟೇಷನ್ನಿನ ಮುಂದೆ ಗಾರ್ಡ್ ತಿಪ್ಪೇರುದ್ರಪ್ಪನವರು ಸೀಟಿ ಊದಿ, ಹಸಿರು ಬಾವುಟ ಬೀಸಿ, ಬಸ್ಸನ್ನು ಶಾಸ್ತ್ರೋಕ್ತವಾಗಿ ಹೊರಡಿಸಿದರು. ಬಸ್ಸು ಹೊರಟಿತು. ತಿಪ್ಪೇರುದ್ರಪ್ಪನವರು ಅಲ್ಲೇ ಉಳಿದರು.

ತಪ್ಪು ಬಸ್ಸಿನದಲ್ಲ, ಅಭ್ಯಾಸದ್ದು. ರೈಲು ಹೊರಡುವಾಗ ಗಾರ್ಡ್ ಆದವನು ಪ್ಲಾಟ್‌ಫಾರ್ಮಿನ ಮೇಲೆ ನಿಂತು ಬಾವುಟ ಬೀಸುತ್ತಾನೆ. ಎಂಜಿನ್ನು ಮುಂದಕ್ಕೆ ಹೋಗುತ್ತದೆ, ಡಬ್ಬಿಗಳು ಒಂದೊಂದಾಗಿ ಅವನೆದುರು ಸಾಗುತ್ತವೆ, ಕಟ್ಟಕಡೆಗೆ ಅವನ ಸ್ವಂತ ಡಬ್ಬಿ ಸಾಕಿದ ಎಮ್ಮೆಯಂತೆ ತಾನಾಗಿ ಅವನ ಹತ್ತಿರ ಬರುತ್ತದೆ. ಆಗ ಅವನು ಗಂಭೀರವಾಗಿ ಕಾಲೆತ್ತಿ ಹತ್ತುತ್ತಾನೆ. ತಿಪ್ಪೇರುದ್ರಪ್ಪನವರು ಬಸ್ಸಿನ ಹಿಂದಿನ ಚಕ್ರದ ಪಕ್ಕ ನಿಂತು ತಮ್ಮ ಡಬ್ಬಿ ಬರಲೆಂದು ಕಾದರು. ಬಂದದ್ದು ಹೊಗೆ, ಅದರ ಹಿಂದೆ ದೂಳು.

ಬಿಳಿ ಪ್ಯಾಂಟು, ಬಿಳಿ ಕೋಟು, ತಲೆಗೆ ಟೊಪ್ಪಿಗೆ, ಒಂದು ಕೈಯಲ್ಲಿ ಬಾವುಟ, ಇನ್ನೊಂದರಲ್ಲಿ ಗಾರ್ಡಿನ ಕಬ್ಬಿಣದ ಪೆಟ್ಟಿಗೆ. ಈ ಅವತಾರದಲ್ಲಿ ಅವರು ಸ್ಟೇಷನ್ ರಸ್ತೆಯುದ್ದಕ್ಕೂ ಓಡಿದರು. ಬಸ್ಸಿನೊಳಗೆ ಹುಣಸೆಹಣ್ಣಿನ ಕುಕ್ಕೆಯ ಪಕ್ಕ ಕೂತಿದ್ದ ಯಲ್ಲಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ದಿನವೂ ಇದೇ ದಾರಿಯಲ್ಲಿ ಹೋಗಿ ಬಂದು ಮಾಡುವ ವ್ಯಾಪಾರದವಳು, ಬಾಯಿ ದೊಡ್ಡದು.

"ಏ ಕೆಂಚಣ್ಣ, ನಿಲ್ಸಪ್ಪೋ! ಯಾರೋ ಬಾವುಟ ಹಿಡ್ಕಂಡು ಹಿಂದೆ ಓಡ್ ಬರ್ತಾವ್ರೆ. ಮೆರವಣಿಗೆನೋ ಏನೋ! ಪೊಲೀಸ್ನೋರು ಹಿಡ್ಕಂಡು ಹೋದಾರು ಪಾಪ!"

ಡ್ರೈವರ್ ಕೆಂಚಣ್ಣ ಬಸ್ಸು ನಿಲ್ಲಿಸಿ, ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಗೆ ದೂಡಿ, "ಏನ್ ಗಾರ್ಡ್ ಸಾಹೇಬ್ರೆ, ನೀವೇ ಬಾವುಟ ತೋರ್ಸಿ ನೀವೇ ಬರದಿದ್ರೆ ಹೆಂಗ್ರಿ? ಹತ್ರಿ, ಹೋಗಾಣ" ಎಂದ. ಒಳಗಿದ್ದವರೆಲ್ಲ ನಕ್ಕರು. ತಿಪ್ಪೇರುದ್ರಪ್ಪನವರೂ ನಕ್ಕಂತೆ ಮಾಡಿದರು. ಆದರೆ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟು, ಬಾಗಿಲಿನ ಸರಳು ಹಿಡಿದು ಅಲ್ಲೇ ನಿಂತುಬಿಟ್ಟರು. ಓಡಿದ್ದಕ್ಕಲ್ಲ. ಹತ್ತಬೇಕಾಗಿದ್ದಕ್ಕೆ.

ಅದು ಎಮರ್ಜೆನ್ಸಿಯ ಬೇಸಿಗೆ. ದೇಶದಲ್ಲೆಲ್ಲ ರೈಲುಗಳು ಹೊತ್ತಿಗೆ ಸರಿಯಾಗಿ ಓಡುತ್ತಿವೆ ಎಂದು ಗೋಡೆಗೋಡೆಯ ಮೇಲೂ ಬರೆದಿತ್ತು. ದುರ್ಗದ ರೈಲು ಮಾತ್ರ ಓಡುತ್ತಲೇ ಇರಲಿಲ್ಲ. ಚಿಕ್ಕಜಾಜೂರಿಗೆ ಹೋಗುವ ಮೀಟರ್ ಗೇಜ್ ಹಾದಿಯಲ್ಲಿ ಹಳ್ಳದ ಮೇಲಿನ ಸೇತುವೆಯ ಹಳೇ ತೊಲೆಗಳನ್ನು ಮಳೆಗಾಲಕ್ಕೆ ಮೊದಲು ಬದಲಿಸಬೇಕೆಂದು ಆ ಮಾರ್ಗವನ್ನೇ ಮುಚ್ಚಿದ್ದರು. ರೈಲಿನ ಬದಲು ಖಾಸಗಿಯವರ ಒಂದು ಬಸ್ಸು ಗೊತ್ತುಮಾಡಿದ್ದರು. ಬೆಳಿಗ್ಗೆ ದುರ್ಗದಿಂದ ಹೊಳಲ್ಕೆರೆ ಮೇಲೆ ಚಿಕ್ಕಜಾಜೂರಿಗೆ ಹೋಗಿ ಮೇಲ್ ಗಾಡಿಗೆ ಜನರನ್ನು ಮುಟ್ಟಿಸಬೇಕು, ಸಂಜೆ ಅಲ್ಲಿ ಇಳಿದವರನ್ನು ತುಂಬಿಕೊಂಡು ಬರಬೇಕು. ಪ್ರಯಾಣಿಕರ ಕೈಯಲ್ಲಿ ಇರುವುದು ರೈಲಿನ ಟಿಕೆಟ್ಟು, ಆದ್ದರಿಂದ ಅವರು ಕೂತಿರುವುದು ರೈಲೇ ಎಂದು ಟ್ರಾಫಿಕ್ ಇನ್ಸ್‌ಪೆಕ್ಟರ್ ಚಿತ್ರಲಿಂಗಪ್ಪನವರು ತೀರ್ಮಾನಿಸಿದ್ದರು. ರೈಲು ಎಂದಮೇಲೆ ಗಾರ್ಡ್ ಬೇಕು.

"ಈ ಡ್ಯೂಟಿ ಆಗಲ್ಲ ಅನ್ನೋರು ಗಾರ್ಡ್ ಕೆಲಸಕ್ಕೂ ಆಗಲ್ಲ" ಎಂದು ಅವರು ಮೊದಲೇ ಸಾರಿದ್ದರು. "ಅಂಥವರನ್ನ ಮತ್ತೆ ಹಳಿ ಬದಲಿಸೋ ಪಾಯಿಂಟ್ಸ್‌ಮನ್ ಮಾಡಿ ಕಳಿಸ್ತೀನಿ." ತಲೆ ಸುತ್ತುತ್ತದೆಂದು ಹೇಳಿದ ಇನ್ನೊಬ್ಬ ಗಾರ್ಡು ಆಗಲೇ ನೀಲಿ ಅಂಗಿ ತೊಟ್ಟು ಎಲ್ಲೋ ದೂರದ ಯಾರ್ಡಿನಲ್ಲಿ ಹಳಿಗೆ ಎಣ್ಣೆ ಹಾಕುತ್ತಿದ್ದ. ತಿಪ್ಪೇರುದ್ರಪ್ಪನವರ ಲೆಕ್ಕ ಹೀಗಾಯಿತು: ಹತ್ತಿದರೆ ಪ್ರಾಣ ಹೋಗುತ್ತದೆ, ಹತ್ತದಿದ್ದರೆ ಬಿಳಿ ಕೋಟು ಹೋಗುತ್ತದೆ. ಬಹಳ ಯೋಚಿಸಿ ಅವರು ಪ್ರಾಣವನ್ನೇ ಪಣಕ್ಕಿಟ್ಟರು.

ಬಸ್ಸೆಂದರೆ ಬಸವಳಿಯುವ ಈ ಮನುಷ್ಯ ಹುಟ್ಟಿದ್ದು ಹೊಳಲ್ಕೆರೆಯ ಮಗ್ಗುಲಲ್ಲಿ, ಹಳಿಯ ಪಕ್ಕದ ಮನೆಯಲ್ಲಿ. ತೊಟ್ಟಿಲು ತೂಗಿದ್ದು ತಾಯಿಯಲ್ಲ, ಗೂಡ್ಸ್ ಗಾಡಿ ಎಂದು ಮನೆಯವರು ಹೇಳುತ್ತಿದ್ದರು. ಗೇಟ್ ಕಾಯುವ ಕೆಲಸಕ್ಕೆ ಸೇರಿ, ಪಾಯಿಂಟ್ಸ್‌ಮನ್ ಆಗಿ, ಪರೀಕ್ಷೆ ಪಾಸು ಮಾಡಿ ಗಾರ್ಡ್ ಆದವರು. ಕಾನ್ವೆಂಟಿನ ಮಕ್ಕಳು ಬೆಳಗಿನ ಪ್ರಾರ್ಥನೆ ಒಪ್ಪಿಸುವಂತೆ ರೈಲ್ವೆಯ ನಿಯಮಗಳನ್ನು ಕಣ್ಣುಮುಚ್ಚಿ ಒಪ್ಪಿಸುತ್ತಿದ್ದರು, ಅಷ್ಟೇ ಭಕ್ತಿಯಿಂದ. ಆ ನಿಯಮಗಳಲ್ಲಿ ಅವರಿಗೆ ಅತ್ಯಂತ ಪ್ರಿಯವಾದದ್ದು ಟೋಕನ್. ಅದೊಂದು ಕಬ್ಬಿಣದ ಗುಂಡು. ಗಾಡಿ ಹೊರಡುವ ಮುಂಚೆ ಚರ್ಮದ ಚೀಲದಲ್ಲಿಟ್ಟು ಡ್ರೈವರಿನ ಕೈಗೆ ಕೊಡುತ್ತಾರೆ. ಆ ಗುಂಡು ನಮ್ಮ ಕೈಯಲ್ಲಿರುವ ತನಕ ಮುಂದಿನ ಸ್ಟೇಷನ್ ಮುಟ್ಟುವವರೆಗೂ ಆ ಹಳಿಯ ಮೇಲೆ ಎದುರಿನಿಂದ ಇನ್ನೊಂದು ಗಾಡಿ ಬರುವಂತಿಲ್ಲ. ಬರಲು ಸಾಧ್ಯವೇ ಇಲ್ಲ. ಮನುಷ್ಯರು ಮನುಷ್ಯರಿಗೆ ಕೊಟ್ಟ ಮಾತುಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇಲ್ಲವೆಂದು ತಿಪ್ಪೇರುದ್ರಪ್ಪನವರು ನಂಬಿದ್ದರು.

ರಸ್ತೆಯ ಮೇಲೆ ಇಂಥ ಗುಂಡಿಲ್ಲ. ಗುಂಡಿಗಳಿವೆ, ಅಷ್ಟೆ. ಆದ್ದರಿಂದ ಅವರು ಜೀವಮಾನದಲ್ಲಿ ಬಸ್ಸು ಹತ್ತಿರಲಿಲ್ಲ. ತಂಗಿಯ ಮದುವೆ ಹೊಸದುರ್ಗದಲ್ಲಿ ಆದಾಗ ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ಇಳಿದರು. ಆ ಊರಿಗೂ ಆ ಸ್ಟೇಷನ್ನಿಗೂ ದಾಯಾದಿಗಳ ಸಂಬಂಧ; ಹೆಸರು ಒಂದೇ, ಮನೆ ಬಹಳ ದೂರ. ದಿಬ್ಬಣವೆಲ್ಲ ಬಸ್ಸು ಹತ್ತಿ ಹೋಯಿತು. ಮದುಮಗಳ ಅಣ್ಣ ಮಾತ್ರ ಸಾಮಾನು ನೋಡಿಕೊಳ್ಳುವ ನೆಪ ಹೇಳಿ ಹಿಂದೆ ಉಳಿದು, ನಡೆದುಕೊಂಡು ಬಂದು, ಅಕ್ಷತೆ ಬಿದ್ದು ಎಲೆ ಎತ್ತಿದ ಮೇಲೆ ಊಟಕ್ಕೆ ಕೂತರು. ಹಿರಿಯೂರಿನ ಕಡೆಗಂತೂ ರೈಲೇ ಇಲ್ಲ. ಹೆಂಡತಿ ಅನ್ನಪೂರ್ಣಮ್ಮನ ತವರು ಹಿರಿಯೂರನ್ನೂ ದಾಟಿ ಆಚೆ, ಆಂಧ್ರದ ಗಡಿಯ ಧರ್ಮಪುರ. ಮದುವೆ ದುರ್ಗದಲ್ಲಾಯಿತು, ಆಮೇಲೆ ಅಳಿಯ ಒಂದು ಸಲವೂ ಮಾವನ ಮನೆಯ ಹೊಸ್ತಿಲು ತುಳಿಯಲಿಲ್ಲ. ಮದುವೆಯಲ್ಲಿ ಉಪಚಾರ ಸಾಲದೆ ಮುನಿಸಿಕೊಂಡಿದ್ದಾರೆಂದು ಧರ್ಮಪುರದವರು ತಿಳಿದರು. ರೈಲ್ವೆಯವರ ಗತ್ತು ಎಂದರು ಕೆಲವರು. ತಿಪ್ಪೇರುದ್ರಪ್ಪನವರು ಗತ್ತನ್ನೇ ಒಪ್ಪಿಕೊಂಡರು. ಗತ್ತಿನವನೆಂದರೆ ಗೌರವವಾದರೂ ಉಳಿಯುತ್ತದೆ.

ಈಗ ಅಂಥ ಗೌರವಸ್ಥರು ದಿನಕ್ಕೆ ಎರಡು ಸಲ ಬಸ್ಸಿನಲ್ಲಿ ಕೂರಬೇಕಾಗಿತ್ತು.

ಮೊದಲ ದಿನವೇ, ಹೊಳಲ್ಕೆರೆಯ ರಸ್ತೆ ಹಿಡಿದಾಗ, ಅವರು ಕೇಳಿಯೇಬಿಟ್ಟರು.

"ಕೆಂಚಣ್ಣ, ಎದುರಿಗೆ ಯಾವ ಗಾಡಿ ಬರ್ತಾ ಐತೆ ಅಂತ ನಿಂಗೆ ಹೆಂಗೆ ಗೊತ್ತಾಗ್ತೈತಪ್ಪ?"

"ಬಂದಾಗ ಗೊತ್ತಾಗ್ತೈತಲ್ರಿ."

"ಬಂದಾಗ ಏನ್ ಮಾಡ್ತೀಯ?"

"ನಾನು ಎಡಕ್ಕೆ ತಗೀತೀನಿ. ಅವ್ನೂ ಎಡಕ್ಕೆ ತಗೀತಾನೆ."

"ತಗೀದಿದ್ರೆ?"

ಕೆಂಚಣ್ಣ ಸ್ಟಿಯರಿಂಗು ಹಿಡಿದುಕೊಂಡೇ ಪೂರ್ತಿ ಹಿಂದಕ್ಕೆ ತಿರುಗಿ ಗಾರ್ಡಿನ ಮುಖ ನೋಡಿದ. ಹಾಗೆ ತಿರುಗಿದಷ್ಟು ಹೊತ್ತೂ ಅವನ ಬದಲು ತಿಪ್ಪೇರುದ್ರಪ್ಪನವರೇ ರಸ್ತೆ ನೋಡಿದರು. "ತಗೀತಾನ್ರಿ ಸಾಹೇಬ್ರೆ. ಅವ್ನಿಗೂ ಹೆಂಡ್ರು ಮಕ್ಳು ಅವೆ."

ಒಂದು ಬಸ್ಸಿನ ತುಂಬ ಜನರ ಪ್ರಾಣ ನಿಂತಿರುವುದು ಎದುರಿಗೆ ಬರುವವನ ಹೆಂಡಿರು ಮಕ್ಕಳ ಮೇಲೆ! ಅವನು ಬ್ರಹ್ಮಚಾರಿಯಾಗಿದ್ದರೆ? ಹೆಂಡತಿಯ ಜೊತೆ ಜಗಳವಾಡಿ ಹೊರಟು ಬಂದಿದ್ದರೆ? ಆಮೇಲೆ ಎದುರಿಗೆ ಬಂದ ಪ್ರತಿ ಲಾರಿಯಲ್ಲೂ ಅವರಿಗೆ ಸಂಸಾರದಲ್ಲಿ ಜಿಗುಪ್ಸೆ ಹುಟ್ಟಿದ ಡ್ರೈವರೇ ಕಂಡ.

ಮರುದಿನದಿಂದ ಅವರು ಕಟ್ಟಕಡೆಯ ಸೀಟಿಗೆ ಹೋದರು. ಅಲ್ಲಿ ಹಿಂದಿನ ಗಾಜಿನ ಕಡೆ ಮುಖ ಮಾಡಿ, ಮಂಡಿ ಮಡಚಿ, ಸೀಟಿನ ಬೆನ್ನು ಅಪ್ಪಿಕೊಂಡು ಕೂರುತ್ತಿದ್ದರು. ಗಾರ್ಡಾದವನು ಹಿಂದುಗಡೆ ನೋಡಬೇಕೆಂಬುದು ನಿಯಮ ಎಂದು ಹೇಳಿದರು. ನಿಜವಾದ ಕಾರಣ, ಬರುವ ಸಾವನ್ನು ನೋಡುವುದಕ್ಕಿಂತ ದಾಟಿ ಹೋದ ಸಾವನ್ನು ನೋಡುವುದು ಸ್ವಲ್ಪ ಮೇಲು. ನಿಯಮದ ಮಾತು ನಂಬಲರ್ಹವಾಗಲೆಂದು, ರೈಲಿನ ಕೊನೆಯ ಡಬ್ಬಿಗೆ ತಗುಲಿಸುವ ಹಲಗೆಯನ್ನೂ ಕೆಂಪು ದೀಪವನ್ನೂ ಬಸ್ಸಿನ ಏಣಿಗೆ ಕಟ್ಟಿಸಿದರು.

"ಸಾಹೇಬ್ರೆ, ಊರು ಮುಂದ್ಗಡೆ ಐತೆ" ಎಂದಳು ಯಲ್ಲಕ್ಕ. "ನೀವ್ಯಾಕೆ ಹಿಂದಕ್ಕೆ ನೋಡ್ತೀರಿ? ಸಾಲ ಕೊಟ್ಟೋರು ಯಾರಾರ ಅಟ್ಟಿಸ್ಕಂಡು ಬರ್ತಾವ್ರಾ?"

"ಡ್ಯೂಟಿ ಕಣಮ್ಮ."

"ಡ್ಯೂಟಿ ಅಂದ್ರೆ ಕಣ್ ಮುಚ್ಕಂಡಿರೋದೂ ಐತಾ?"

ಅವರು ಕಣ್ಣು ಬಿಟ್ಟರು. ಬಿಟ್ಟದ್ದೇ ತಪ್ಪಾಯಿತು. ಬಸ್ಸು ಆಗ ಕಣಿವೆಯ ಮಾರಮ್ಮನ ಗುಡಿಯ ತಿರುವಿನಲ್ಲಿತ್ತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಎಲ್ಲರೂ ಕೈ ಮುಗಿಯುತ್ತಿದ್ದರು. ಅವರೂ ಕೈ ಮುಗಿದು, ಯಾಕೋ ಅನುಮಾನ ಬಂದು, ತಿರುಗಿ ಮುಂದೆ ನೋಡಿದರು. ಕೆಂಚಣ್ಣನೂ ಮುಗಿಯುತ್ತಿದ್ದ. ಎರಡೂ ಕೈ ಎತ್ತಿ, ಕಣ್ಣು ಮುಚ್ಚಿ, ಬಹಳ ಭಕ್ತಿಯಿಂದ. ಸ್ಟಿಯರಿಂಗು ತನ್ನ ಪಾಡಿಗೆ ತಾನು ಎತ್ತಲೋ ಹೊರಳುತ್ತಿತ್ತು.

ತಿಪ್ಪೇರುದ್ರಪ್ಪನವರ ಗಂಟಲಿನಿಂದ ಕೂಗು ಹೊರಡಲಿಲ್ಲ. ಬಾಯಿಗೆ ತಂದುಕೊಂಡ ಸೀಟಿಯಿಂದ ಹೊರಟಿತು. ಕೆಂಚಣ್ಣ ಬೆಚ್ಚಿ ಬ್ರೇಕು ಒತ್ತಿದ. ಹುಣಸೆಹಣ್ಣಿನ ಕುಕ್ಕೆ ಉರುಳಿತು.

"ಏನಾತ್ರಿ?"

"ಕೈ... ಕೈ ಬಿಟ್ಟಿದ್ದೆ ನೀನು."

"ತಾಯಿಗೆ ಒಂದ್ ಕೈನಾಗೆ ಮುಗಿಯಾಕ್ಕಾಗ್ತೈತೇನ್ರಿ?" ಎಂದು ಕೆಂಚಣ್ಣ ನಿಜವಾಗಿಯೂ ನೊಂದುಕೊಂಡ. "ನಮ್ಮಪ್ಪನ ಕಾಲದಿಂದ ಹಿಂಗೇ ಮುಗಿಯಾದು. ಇವತ್ತಿನತಂಕ ತಾಯಿ ಕೈ ಬಿಟ್ಟಿಲ್ಲ."

ತಾಯಿ ಕೈ ಬಿಡದಿರಲು ಇವನು ಕೈ ಬಿಡಬೇಕಾದ ಈ ಏರ್ಪಾಡು ತಿಪ್ಪೇರುದ್ರಪ್ಪನವರ ಯಾವ ನಿಯಮದಲ್ಲೂ ಇರಲಿಲ್ಲ. ಅಂದಿನಿಂದ ಆ ತಿರುವು ಬರುವ ಮೊದಲೇ ಅವರು ಸೀಟಿನ ಬೆನ್ನನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಳ್ಳುತ್ತಿದ್ದರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸಾಯುವುದಕ್ಕೆ ಯಾರೂ ಭತ್ಯೆ ಕೊಡುವುದಿಲ್ಲ.

ಊಟ ಸೇರದಾಯಿತು. ಮುದ್ದೆ ಮುರಿದು ತಟ್ಟೆಯಲ್ಲೇ ಉರುಳಿಸುತ್ತ ಕೂತ ಗಂಡನನ್ನು ಅನ್ನಪೂರ್ಣಮ್ಮ ಕೆಲವು ದಿನ ನೋಡಿದರು. ಒಂದು ಬೆಳಿಗ್ಗೆ ಗಂಡ ಕೋಟಿನ ಗುಂಡಿಗಳನ್ನು ತಪ್ಪು ತೂತುಗಳಿಗೆ ಹಾಕಿಕೊಂಡಾಗ ತಾವೇ ಬಂದು ಬಿಚ್ಚಿ ಹಾಕಿದರು.

"ಏನ್ರಿ ಇದು? ಊಟ ಸೇರ್ತಿಲ್ಲ, ಗುಂಡಿನೂ ಸೇರ್ತಿಲ್ಲ. ಜ್ವರನಾ?"

"ಜ್ವರ ಅಲ್ಲ. ಬಸ್ಸು."

"ಬಸ್ಸಿಗೇನಾಗೈತೆ?"

"ಬಸ್ಸಿಗೇನಾಗಿಲ್ಲ. ನಂಗೆ... ನಂಗೆ ಭಯ ಕಣೆ ಬಸ್ಸು ಅಂದ್ರೆ. ಮೊದ್ಲಿಂದ್ಲೂ."

ಅನ್ನಪೂರ್ಣಮ್ಮ ನಕ್ಕರು. ವರ್ಷಕ್ಕೊಮ್ಮೆ ಕಂಕುಳಲ್ಲೊಂದು ಕೂಸು, ಕೈಯಲ್ಲೊಂದು ಗಂಟು ಹಿಡಿದು ಧರ್ಮಪುರದವರೆಗೂ ನಿಂತೇ ಹೋಗುತ್ತಿದ್ದ ಹೆಂಗಸು. ನಗು ಅರ್ಧಕ್ಕೆ ನಿಂತಿತು. ಕೋಟಿನ ಕೊನೆಯ ಗುಂಡಿ ಬೆರಳಲ್ಲೇ ಉಳಿಯಿತು.

"ಅಂದ್ರೆ ನಮ್ಮೂರಿಗೆ ಬರದಿದ್ದು ಸಿಟ್ಟಿಗಲ್ವಾ?"

ಅವರು ಟೊಪ್ಪಿಗೆ ತೆಗೆದು ತಲೆಗಿಟ್ಟುಕೊಂಡರು.

"ನಮ್ಮಪ್ಪ ಸಾಯೋತನ್ಕ ಅದನ್ನೇ ಅಂದ್ಕಂಡಿದ್ದ. ಅಳಿಯಂದಿರಿಗೆ ನಾನೇನ್ ಕಮ್ಮಿ ಮಾಡ್ದೆ, ನಾನೇನ್ ಕಮ್ಮಿ ಮಾಡ್ದೆ ಅಂತ. ಒಂದ್ ಮಾತು ಹೇಳಿದ್ರೆ ಗಾಡಿ ಕಟ್ಟಿಸಿ ಕರ್ಸ್ಕಂಡಿರಾನಲ್ರಿ."

ತಿಪ್ಪೇರುದ್ರಪ್ಪನವರು ಪೆಟ್ಟಿಗೆ ಎತ್ತಿಕೊಂಡು ಹೊರಟರು. ಹಿಂದಿನಿಂದ ಹೆಂಡತಿ, "ಇವತ್ತು ಹೋಗ್ಬ್ಯಾಡ್ರಿ. ಆ ಇನ್ಸ್‌ಪೆಕ್ಟರಿಗೆ ಹೇಳ್ಬಿಡ್ರಿ, ನೀಲಿ ಅಂಗಿ ಆದ್ರೆ ಆಗ್ಲಿ, ನಾನೇ ಒಗೀತೀನಿ" ಎಂದದ್ದು ಕೇಳಿಸಿತು. ಆ ಮಾತೇ ಅವರನ್ನು ಬಸ್ಸಿಗೆ ದೂಡಿತು. ಗತ್ತಿನವನೆಂದು ಮಾವನನ್ನು ನೋಯಿಸಿದ್ದಾಯಿತು. ಈಗ ಹೆದರುಪುಕ್ಕಲನೆಂದು ಕೋಟನ್ನೂ ಕಳೆದುಕೊಂಡರೆ ಆ ನೋವಿಗೆ ಅರ್ಥವೇ ಉಳಿಯುವುದಿಲ್ಲ.

ಅಂದು ಸಂಜೆ ಮೇಲ್ ಗಾಡಿ ತಡವಾಗಿ ಬಂತು. ದುರ್ಗವನ್ನು ಹೊತ್ತಿಗೆ ಸರಿಯಾಗಿ ಮುಟ್ಟಲೇಬೇಕೆಂದು ಕೆಂಚಣ್ಣ ಹೊಳಲ್ಕೆರೆ ದಾಟಿದಮೇಲೆ ಬಸ್ಸನ್ನು ಲಗಾಮು ಬಿಟ್ಟ ಕುದುರೆಯಾಗಿಸಿದ. ಬಸ್ಸಿನ ತುಂಬ ಜನ. ಕಣಿವೆ ಹತ್ತಿದಾಗ ಸೂರ್ಯ ಮುಳುಗಿ ಬಂಡೆಗಳ ಬಣ್ಣ ಆರುತ್ತಿತ್ತು. ಮಾರಮ್ಮನಿಗೆ ಕೈ ಮುಗಿದದ್ದಾಯಿತು. ತಿರುವು ದಾಟಿ ಇಳಿಜಾರಿಗೆ ಬಿದ್ದರು. ಅಲ್ಲಿ ಕೆಳಗಿನಿಂದ ಫಟ್ ಎಂದು ಸದ್ದಾಗಿ, ಬಸ್ಸಿನ ಹಿಂಭಾಗ ಕುಸಿದು, ಇಡೀ ಬಸ್ಸು ದಣಿದ ಎತ್ತಿನ ಹಾಗೆ ರಸ್ತೆಯ ನಟ್ಟನಡುವೆ ಕೂತುಬಿಟ್ಟಿತು.

ಕೆಂಚಣ್ಣ ಇಳಿದು ಬಗ್ಗಿ ನೋಡಿ, "ಆಕ್ಸಲ್ ಹೋತು" ಎಂದ. ತಳ್ಳುವಂತಿಲ್ಲ, ಸರಿಸುವಂತಿಲ್ಲ. ಮುಂದಿನ ರಸ್ತೆ ನೇರವಾಗಿ ಬಹುದೂರ ಕಾಣುತ್ತಿತ್ತು. ಅತ್ತಲಿಂದ ಬರುವವರಿಗೆ ಬಸ್ಸೂ ಕಾಣುತ್ತಿತ್ತು. ಹಿಂದೆ ಮಾತ್ರ ಬಂಡೆ, ಅದರಾಚೆ ತಿರುವು. ತಿರುವು ದಾಟಿ ಇಳಿಜಾರಿನಲ್ಲಿ ಬರುವವನಿಗೆ ಬಸ್ಸು ಕಾಣುವ ಹೊತ್ತಿಗೆ ಅವನು ಬಸ್ಸಿನೊಳಗೇ ಇರುತ್ತಾನೆ.

"ಎಲ್ರೂ ಇಳೀರಿ" ಎಂದ ಕೆಂಚಣ್ಣ.

"ಇಳಿದು ಎಲ್ಲಿಗ್ ಹೋಗಾಣ?" ಯಲ್ಲಕ್ಕ ಕಿಟಕಿಯ ತಗಡನ್ನು ಕೆಳಗಿಳಿಸಿದಳು. "ಈ ಗುಡ್ಡದಾಗೆ ಕರಡಿ ಅವೆ. ಹ್ವಾದ ವಾರ ಸೌದೆಗೆ ಬಂದೋನ ಮಕಾನೇ ಕಿತ್ತಾಕೈತಂತೆ. ನಾನ್ ಇಳಿಯಾಕಿಲ್ಲ."

ಕರಡಿ ಎಂಬ ಮಾತು ಬಸ್ಸಿನಲ್ಲಿ ಹಿಂದಿನಿಂದ ಮುಂದಕ್ಕೆ ಓಡಿತು. ಮಕ್ಕಳ ತಾಯಂದಿರು ಮಕ್ಕಳನ್ನು ಸೀಟಿನ ಕೆಳಗೆ ತಳ್ಳಿದರು. ಒಬ್ಬೊಬ್ಬರಾಗಿ ತಗಡುಗಳನ್ನೆಲ್ಲ ಇಳಿಸಿದರು. ಇಳಿದಿದ್ದ ಗಂಡಸರೂ ಹತ್ತಿ ಬಾಗಿಲು ಹಾಕಿಕೊಂಡರು. ಹೊರಗೆ ಉಳಿದವರು ಇಬ್ಬರು: ಜ್ಯಾಕು ಹುಡುಕುತ್ತಿದ್ದ ಕೆಂಚಣ್ಣ, ಮತ್ತು ತಿಪ್ಪೇರುದ್ರಪ್ಪನವರು.

ಗಾಡಿ ಹಾದಿಯಲ್ಲಿ ನಿಂತರೆ ಗಾರ್ಡಾದವನು ಹಿಂದಕ್ಕೆ ನಡೆದು ಹೋಗಿ ಅದನ್ನು ರಕ್ಷಿಸಬೇಕು. ಇದು ನಿಯಮ. ತಿಪ್ಪೇರುದ್ರಪ್ಪನವರು ಪೆಟ್ಟಿಗೆ ತೆರೆದು ಕೈದೀಪ ಹಚ್ಚಿದರು, ಕೆಂಪು ಗಾಜು ತಿರುಗಿಸಿದರು. ತಳದಲ್ಲಿದ್ದ ಪಟಾಕಿಗಳನ್ನು ತೆಗೆದುಕೊಂಡರು. ದೀಪಾವಳಿಯ ಪಟಾಕಿಯಲ್ಲ, ತಗಡಿನ ಚಪ್ಪಟೆ ಡಬ್ಬಿಗಳು. ಹಳಿಯ ಮೇಲೆ ಸಿಕ್ಕಿಸಿದರೆ, ಎಂಜಿನ್ನಿನ ಚಕ್ರ ಹರಿದಾಗ ಢಮಾರೆಂದು ಸಿಡಿದು ಡ್ರೈವರಿಗೆ ಎಚ್ಚರಿಕೆ ಕೊಡುತ್ತವೆ.

"ಎಲ್ಲಿಗ್ರಿ ಸಾಹೇಬ್ರೆ? ಕರಡಿ ಐತೆ ಅಂತಾವ್ರೆ!"

"ನೀನು ಇಲ್ಲೇ ಇರು" ಎಂದು ಅವರು ಹೊರಟರು. ಸೀಟಿನ ಕೆಳಗಿಂದ ನುಸುಳಿ ಬಂದ ಮಕ್ಕಳ ಜೊತೆ ಹಿಂದಿನ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದವರಿಗೆ ಬಿಳಿ ಕೋಟು ಏರು ಹತ್ತುತ್ತ, ದೀಪ ತೂಗುತ್ತ, ಸರಸರನೆ ಹೋದದ್ದು ಕಂಡಿತು. ಬೆಳಿಗ್ಗೆ ಮೆಟ್ಟಿಲು ಹತ್ತಲು ಸರಳು ಹಿಡಿದುಕೊಳ್ಳುತ್ತಿದ್ದ ಮನುಷ್ಯ ಈಗ ಬೀಗರ ಮನೆಗೆ ಹೊರಟವರಂತೆ ನಡೆಯುತ್ತಿದ್ದರು. ಬಂಡೆಯ ಮರೆಗೆ ಹೋದರು, ಕಾಣಲಿಲ್ಲ.

ತಿರುವಿನಾಚೆ ಗಾಳಿಯೂ ಇರಲಿಲ್ಲ. ಪೊದೆಯಲ್ಲಿ ಏನೋ ಸರಿದಾಡಿತು. ತಿಪ್ಪೇರುದ್ರಪ್ಪನವರು ಅತ್ತ ದೀಪ ಹಿಡಿದು, "ಹೋಗಪ್ಪ, ಡ್ಯೂಟಿ ಮೇಲಿದೀನಿ" ಎಂದು ಹೇಳಿ ರಸ್ತೆಯ ಮೇಲೆ ಮಂಡಿಯೂರಿದರು. ಸಿಕ್ಕಿಸಲು ಹಳಿ ಇಲ್ಲ. ಚಕ್ರಗಳು ಓಡಾಡಿ ನುಣುಪಾದ ಜಾಡು ನೋಡಿ, ಟಾರಿನ ಬಿರುಕುಗಳಲ್ಲಿ ಪಟಾಕಿಗಳ ಅಂಚಿನ ತಗಡಿನ ಕಿವಿಗಳನ್ನು ಒತ್ತಿ ನಿಲ್ಲಿಸಿದರು. ನಿಯಮದ ಪ್ರಕಾರ ಒಂದರ ಮುಂದೊಂದು. ಆಮೇಲೆ ಇನ್ನೂ ಸ್ವಲ್ಪ ಮೇಲಕ್ಕೆ ಹೋಗಿ ರಸ್ತೆಯ ಮಧ್ಯೆ ನಿಂತರು.

ಲಾರಿ ಬಂತು. ಅದಿರು ತುಂಬಿದ ಲಾರಿ, ಕಣಿವೆಯ ತುದಿಯಿಂದ ಭರದಿಂದ ಇಳಿದು ಬರುತ್ತಿತ್ತು. ಅದರ ಡ್ರೈವರ್ ಓಬಣ್ಣನಿಗೆ ಕಂಡದ್ದು ಇಷ್ಟು: ಕರಡಿ ಗುಡ್ಡದ ಮುಚ್ಚಂಜೆಯಲ್ಲಿ, ಮಾರಮ್ಮನ ಗುಡಿಯ ಹತ್ತಿರ, ತಲೆಯಿಂದ ಕಾಲಿನವರೆಗೆ ಬಿಳುಪಾದ ಒಂದು ಆಕಾರ, ಅದಕ್ಕೆ ಒಂದೇ ಒಂದು ಕೆಂಪು ಕಣ್ಣು. ಆ ಕಣ್ಣು ಎಡಕ್ಕೂ ಬಲಕ್ಕೂ ತೂಗುತ್ತಿದೆ. ಇಂಥದ್ದನ್ನು ಕಂಡಾಗ ನಿಲ್ಲಿಸಬಾರದೆಂದು ಎಲ್ಲ ಲಾರಿಯವರಿಗೂ ಗೊತ್ತು. ಓಬಣ್ಣ ಮಾರಮ್ಮನ ಹೆಸರು ಹೇಳಿ ಆಕ್ಸಿಲರೇಟರನ್ನು ತಳಕ್ಕೆ ತುಳಿದ.

ತಿಪ್ಪೇರುದ್ರಪ್ಪನವರು ಸೀಟಿ ಊದಿದರು. ದೀಪ ಬೀಸಿದರು. ಲಾರಿ ದೊಡ್ಡದಾಗುತ್ತಲೇ ಬಂತು. ಕೊನೆಯ ಕ್ಷಣಕ್ಕೆ ಪಕ್ಕದ ಬಂಡೆಗೆ ಒರಗಿದರು. ಬಿಸಿಗಾಳಿ ಟೊಪ್ಪಿಗೆಯನ್ನು ಕಿತ್ತುಕೊಂಡು ಹೋಯಿತು. ಲಾರಿ ತಿರುವಿಗೆ ಹೊರಳಿತು.

ಢಂ! ಢಂ! ಢಂ!

ಬಸ್ಸಿನಲ್ಲಿದ್ದವರೆಲ್ಲ ಒಟ್ಟಿಗೆ ಕಿರುಚಿದರು. ಓಬಣ್ಣ ದೆವ್ವವನ್ನು ಮರೆತ. ತನ್ನ ಟೈರುಗಳೆಲ್ಲ ಒಂದಾದ ಮೇಲೊಂದು ಒಡೆದವೆಂದು ತಿಳಿದು ಬ್ರೇಕಿನ ಮೇಲೆ ಎದ್ದು ನಿಂತ. ಲಾರಿ ಕೀರಲಿಡುತ್ತ, ಅಡ್ಡಡ್ಡ ಜಾರುತ್ತ, ಅದಿರು ಚೆಲ್ಲುತ್ತ ಇಳಿಯಿತು. ಹಿಂದಿನ ಗಾಜಿನಾಚೆ ಅದರ ಎರಡು ದೀಪಗಳು ತಟ್ಟೆಯಷ್ಟಾದವು, ಮೊರದಷ್ಟಾದವು. ಯಲ್ಲಕ್ಕ ಕುಕ್ಕೆಯನ್ನು ತಲೆಯ ಮೇಲೆ ಕವುಚಿಕೊಂಡಳು. ಲಾರಿಯ ಮೂತಿ ಬಸ್ಸಿನ ಏಣಿಯನ್ನು ಮುಟ್ಟಿ, ಕಟ್ಟಿದ್ದ ಹಲಗೆಯನ್ನು ಸೀಳಿ, ನಿಂತಿತು.

ಓಬಣ್ಣ ಇಳಿದು ಒಂದೊಂದೇ ಟೈರನ್ನು ಒದ್ದು ನೋಡಿದ. ಎಲ್ಲವೂ ಗಟ್ಟಿಯಾಗಿದ್ದವು. ಆಗ ಏರಿನಿಂದ ಆ ಬಿಳಿ ಆಕಾರ ಟೊಪ್ಪಿಗೆಯ ದೂಳು ಕೊಡವುತ್ತ ಇಳಿದು ಬಂತು. ಓಬಣ್ಣ ಲಾರಿ ಹತ್ತಿ, ಸಿಕ್ಕಷ್ಟು ಸಂದಿಯಲ್ಲಿ ನುಗ್ಗಿಸಿಕೊಂಡು ದುರ್ಗಕ್ಕೆ ಹೋದವನು ನೇರವಾಗಿ ಠಾಣೆಗೆ ಹೋಗಿ ದೂರು ಕೊಟ್ಟ: ರೈಲ್ವೆ ಬಟ್ಟೆಯವನೊಬ್ಬ ಕೆಂಪು ದೀಪ ತೋರಿಸಿ ಸರ್ಕಾರಿ ರಸ್ತೆಯಲ್ಲಿ ಬಾಂಬು ಇಟ್ಟಿದ್ದಾನೆ.

ಆ ದಿನಗಳಲ್ಲಿ ಕೆಂಪು, ಬಾಂಬು ಎಂಬ ಎರಡು ಮಾತು ಒಟ್ಟಿಗೆ ಕೇಳಿದರೆ ಸಾಕು, ಸರ್ಕಾರದ ವಿರುದ್ಧ ಸಂಚೆಂದೇ ಲೆಕ್ಕ. ಮರುದಿನ ಬೆಳಿಗ್ಗೆಯೇ ಚಿತ್ರಲಿಂಗಪ್ಪನವರು ಬಂದಿಳಿದರು. ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲಿ ಮೇಜು ಹಾಕಿ ವಿಚಾರಣೆ. ಬಾಗಿಲಲ್ಲಿ ಪೊಲೀಸು ಕಾನ್‌ಸ್ಟೇಬಲ್. ಕಿಟಕಿಯಾಚೆ ಅನ್ನಪೂರ್ಣಮ್ಮ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ತಿಪ್ಪೇರುದ್ರಪ್ಪನವರಿಗೆ ಮೇಜಿನ ಅಂಚೇ ಎರಡೆರಡಾಗಿ ಕಾಣುತ್ತಿತ್ತು.

"ಪಟಾಕಿ ಯಾವುದಕ್ಕೆ ಕೊಟ್ಟಿರೋದು?"

"ಗಾಡಿ ರಕ್ಷಣೆಗೆ ಸಾರ್."

"ಯಾವ ಗಾಡಿ?"

"ರೈಲು ಗಾಡಿ ಸಾರ್."

"ಬಸ್ಸಿಗೆ ಹಳಿ ಇದೆಯೇನ್ರೀ?"

"ಇಲ್ಲ ಸಾರ್."

"ಟಾರ್ ರಸ್ತೆ ಮೇಲೆ, ಇಂಥಾ ಟೈಮಲ್ಲಿ, ಕೆಂಪು ದೀಪ ಹಿಡ್ಕೊಂಡು ಢಂ ಢಂ ಅನ್ಸೋದಕ್ಕೆ ಯಾರ್ರೀ ನಿಮಗೆ ಆರ್ಡರ್ ಕೊಟ್ಟಿದ್ದು? ಪಾಯಿಂಟ್ಸ್‌ಮನ್ ಅಲ್ಲ, ಜೈಲಿಗೇ ಹೋಗ್ತೀರಿ ನೀವು. ಗೊತ್ತಾ?"

ತಿಪ್ಪೇರುದ್ರಪ್ಪನವರು ಕೋಟಿನ ಗುಂಡಿಯೊಂದನ್ನು ಬಿಗಿಯಾಗಿ ಹಿಡಿದುಕೊಂಡರು, ಈಗಲೇ ಯಾರೋ ಬಿಚ್ಚಲು ಬರುವಂತೆ.

ಕಾನ್‌ಸ್ಟೇಬಲನ್ನು ಕುಕ್ಕೆಯಿಂದ ಬದಿಗೆ ಸರಿಸಿ ಯಲ್ಲಕ್ಕ ಒಳಗೆ ಬಂದಳು. ಹಿಂದೆ ಕೆಂಚಣ್ಣ. ಅವನ ಹಿಂದೆ ತಲೆ ತಗ್ಗಿಸಿಕೊಂಡ ಓಬಣ್ಣ.

"ಯಾರ್ರಿ ಬಾಂಬು ಅಂದೋರು? ಆ ಸದ್ದು ಆಗದಿದ್ರೆ ಇವತ್ತು ನಮ್ಮನ್ನೆಲ್ಲ ಚೀಲದಾಗೆ ತುಂಬ್ಕಂಡ್ ಬರ್ಬೇಕಿತ್ತು. ಈ ಸಾಹೇಬ್ರನ್ನ ಒಳಗೆ ಹಾಕ್ತೀರಾ? ನನ್ನೂ ಹಾಕ್ರಿ. ಹುಣಸೆಹಣ್ಣೂ ಹಾಕ್ರಿ!"

"ನೀವೇ ಅಂದಿದ್ರಲ್ರಿ" ಎಂದ ಕೆಂಚಣ್ಣ ಮೆತ್ತಗೆ, "ಇದು ಬಸ್ಸಲ್ಲ, ರೈಲು ಅಂತ. ರೈಲಂಗೆ ಕಾಪಾಡವ್ರೆ."

ಚಿತ್ರಲಿಂಗಪ್ಪನವರು ನಿಯಮದ ಪುಸ್ತಕ ತಿರುವಿಹಾಕುತ್ತಿರುವಾಗ ಓಬಣ್ಣ ಮುಂದೆ ಬಂದ. "ಕಂಪ್ಲೇಂಟ್ ಕೊಟ್ಟೋನು ನಾನೇ ಸ್ವಾಮಿ. ಆಮೇಲೆ ಬಸ್ಸಿನ ಹಿಂದ್ಲ ಗಾಜಿನಾಗೆ ಇದ್ದ ಮಕ್ಳ ಮಕ ನೆಪ್ಪಾದ್ವು. ವಾಪಸ್ ತಗಂತೀನಿ ಸ್ವಾಮಿ. ನಂಗೂ ಹೆಂಡ್ರು ಮಕ್ಳು ಅವೆ."

ಕೋಣೆಯ ಗಾಳಿ ತಿರುಗಿತು. ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಎದ್ದು ನಿಂತರು. ಇಂಥ ಗಾರ್ಡ್ ತಮ್ಮ ಕೈಕೆಳಗೆ ಇರುವುದು ತಮಗೆ ಮೊದಲೇ ಗೊತ್ತಿತ್ತೆಂಬ ಧಾಟಿಯಲ್ಲಿ, ಮೈಸೂರಿನ ಡಿವಿಜನ್ ಆಫೀಸಿಗೆ ಬರೆಯುತ್ತೇನೆ, ಬಹುಮಾನಕ್ಕೆ ಶಿಫಾರಸು ಮಾಡುತ್ತೇನೆ ಎಂದರು. ಸೇತುವೆಯ ಕೆಲಸ ಮುಗಿಯುವವರೆಗೂ ಆ ಬಸ್ಸಿಗೆ ಬೇರೆ ಯಾರನ್ನೂ ಹಾಕುವುದಿಲ್ಲ, ಇಂಥ ಎದೆಗಾರಿಕೆ ಇನ್ಯಾರಿಗಿದೆ ಎಂದರು. ಜನ ಚಪ್ಪಾಳೆ ತಟ್ಟಿದರು. ಕಿಟಕಿಯಾಚೆ ಅನ್ನಪೂರ್ಣಮ್ಮನ ಸೆರಗು ಬಾಯಿಂದ ಕೆಳಗಿಳಿಯಿತು.

"ಒಂದು ಮಾತು ಕೇಳ್ತೀನಿ ತಿಪ್ಪೇರುದ್ರಪ್ಪ" ಎಂದು ಚಿತ್ರಲಿಂಗಪ್ಪನವರು ಅವರ ಹೆಗಲ ಮೇಲೆ ಕೈಯಿಟ್ಟರು. "ಕರಡಿ ಇರೋ ಗುಡ್ಡ. ಕತ್ತಲೆ. ಮೈಮೇಲೆ ಬರ್ತಾ ಇರೋ ಲಾರಿ. ಒಬ್ಬರೇ ರಸ್ತೆ ಮಧ್ಯೆ ನಿಂತಿದ್ರಲ್ಲ, ನಿಮಗೆ ಒಂಚೂರೂ ಹೆದರಿಕೆ ಆಗಲಿಲ್ವಾ?"

ತಿಪ್ಪೇರುದ್ರಪ್ಪನವರು ಒಮ್ಮೆ ಕಿಟಕಿಯ ಕಡೆ ನೋಡಿದರು. ಆಮೇಲೆ ಹೊರಗೆ, ಮರದ ನೆರಳಿನಲ್ಲಿ ಬೆಳಗಿನ ಟ್ರಿಪ್ಪಿಗೆ ಸಿದ್ಧವಾಗಿ ನಿಂತಿದ್ದ ಬದಲಿ ಬಸ್ಸಿನ ಕಡೆ ನೋಡಿದರು.

"ಇಲ್ಲ ಸಾರ್" ಎಂದರು. "ಆಗ ನಾನು ಬಸ್ಸಿನೊಳಗೆ ಇರಲಿಲ್ವಲ್ಲ."